ಉಪಗ್ರಹ ಟಿ.ವಿ. ಮತ್ತು ಮನೆಯ ಸರೌಂಡ್ ಸೌಂಡ್: ಶಿರಾ ಸೀಮೆಯ ಜೋಡಣೆ

ಉಪಗ್ರಹದಿಂದ ಮನೆಯ ಮೇಲಿನ ಡಿಶ್‌ಗೆ ನೇರವಾಗಿ ಬರುವ ಟಿ.ವಿ. ಪ್ರಸಾರದ ಧ್ವನಿಯನ್ನು ಟಿ.ವಿ.ಯೊಳಗಿನ ಸಣ್ಣ ಸ್ಪೀಕರ್‌ಗೆ ಬಿಡದೆ, ಕೇಳುವವರ ಸುತ್ತ ಇಟ್ಟ ಐದು ಸ್ಪೀಕರ್‌ಗಳಿಗೂ ಒಂದು ವೂಫರ್‌ಗೂ ಹಂಚುವ ಏರ್ಪಾಟಿಗೆ ಸರೌಂಡ್ ಸೌಂಡ್ ಜೋಡಣೆ ಎನ್ನಬಹುದು. ಅಂಗಡಿಗಳಲ್ಲಿ ಇದರ ಹೆಸರು ಹೋಂ ಥಿಯೇಟರ್, ಇಲ್ಲವೆ ಬರೀ 5.1. ತುಮಕೂರು ಜಿಲ್ಲೆಯ ಉತ್ತರಕ್ಕಿರುವ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮನೆಗಳನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವರಿಸಿದೆ. ಈ ಸೀಮೆಯಲ್ಲಿ ಐದು ಪೆಟ್ಟಿಗೆಗಳಿರುವ ಮನೆಗಳು ಬೇಕಾದಷ್ಟಿವೆ. ಐದರಲ್ಲೂ ಬೇರೆಬೇರೆ ಧ್ವನಿ ಹೊರಡುವ ಮನೆಗಳು ಅಪರೂಪ. ಈ ಕೊರತೆಗೆ ಸಾಮಾನ್ಯವಾಗಿ ಹಣ ಕಾರಣವಲ್ಲ. ವಾಹಿನಿಯಿಂದ ಕಿವಿಯವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಆರು ಧ್ವನಿಗಳು ಎರಡಾಗಿಬಿಟ್ಟಿರುತ್ತವೆ. ಅದು ಎಲ್ಲಿ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಹಿನ್ನೆಲೆ

ಕರ್ನಾಟಕದ ಹಳ್ಳಿಗಳು ಉಪಗ್ರಹ ಟಿ.ವಿ.ಯನ್ನು ಮೊದಲು ಕಂಡದ್ದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, ಸೈಟ್ ಎಂಬ ಉಪಗ್ರಹ ಶಿಕ್ಷಣ ಟಿ.ವಿ. ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ಹೋದವು. ಕರ್ನಾಟಕದಿಂದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು, ತುಮಕೂರು ಇರಲಿಲ್ಲ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್‌ಗಳನ್ನು ಆಗ ಬಳಸಿದರು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲ ಆ ವ್ಯವಸ್ಥೆಯಲ್ಲಿತ್ತು. ಚಿತ್ರದಷ್ಟೇ ಧ್ವನಿಗೂ ಲೆಕ್ಕ ಹಾಕಿ ಜಾಗ ಕೊಡಬೇಕೆಂಬ ಈ ತಿಳಿವಳಿಕೆ ನಂತರದ ದಿನಗಳ ಮನೆಗಳಲ್ಲಿ ಮಸುಕಾಯಿತು ಎಂದೇ ಹೇಳಬೇಕು.

ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾಯಿತು. ನೆಲದ ಮೇಲಿನ ಪ್ರಸಾರಕ್ಕೆ ಬೆಟ್ಟಗಳು ಅಡ್ಡ ಬರುತ್ತವೆ. ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ದರಬೆಟ್ಟಗಳಿರುವ ಈ ಭಾಗದಲ್ಲಿ ಉದ್ದ ಕಂಬಕ್ಕೆ ಆಂಟೆನಾ ಕಟ್ಟಿ ತಿರುಗಿಸಿದರೂ ಚುಕ್ಕೆಚುಕ್ಕೆ ಚಿತ್ರವೇ ಗತಿಯಾಗುತ್ತಿತ್ತು. ಉದಯ ಟಿ.ವಿ. 1994ರಲ್ಲಿ ಬಂದಿತು, ಪಟ್ಟಣಗಳಿಗೆ ಕೇಬಲ್ ಹರಡಿತು. 2003ರ ಅಕ್ಟೋಬರ್‌ನಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ (ಈಗಿನ ಡಿಡಿ ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ (2022ರಿಂದ ಟಾಟಾ ಪ್ಲೇ), 2007ರಲ್ಲಿ ಸನ್ ಡೈರೆಕ್ಟ್, 2008ರಲ್ಲಿ ಏರ್‌ಟೆಲ್ ಒಂದರ ಹಿಂದೆ ಒಂದು ಬಂದವು. ಕೇಬಲ್ ಎಳೆಯಲಾಗದ ತೋಟದ ಮನೆಗೂ ಗೊಲ್ಲರಹಟ್ಟಿಗೂ ಡಿಶ್ ತಲುಪಿತು. ಪಾವಗಡದ ಗಡಿಯಾಚೆ, ಆಂಧ್ರದ ಮಡಕಶಿರಾ ಕಡೆಯ ಕನ್ನಡ ಮನೆಗಳಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಊರಿನ ಕೇಬಲ್‌ನವರು ಯಾವ ಭಾಷೆಯ ವಾಹಿನಿ ಕೊಡುತ್ತಾರೆ ಎಂದು ಕಾಯುವ ಅಗತ್ಯ ತಪ್ಪಿತು.

ಡಿಶ್ ಮತ್ತು ದಿಕ್ಕು

ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿವೆ. ಶಿರಾ ಸುಮಾರು 13.7 ಡಿಗ್ರಿ ಉತ್ತರ ಅಕ್ಷಾಂಶ, 76.9 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಈ ಲೆಕ್ಕದಂತೆ ಟಾಟಾ ಪ್ಲೇ ಬಳಸುವ 83 ಡಿಗ್ರಿ ಪೂರ್ವದ ಉಪಗ್ರಹಗಳು ಶಿರಾದ ಆಕಾಶದಲ್ಲಿ ದಕ್ಷಿಣದಿಂದ ಸ್ವಲ್ಪ ಪೂರ್ವಕ್ಕೆ, ನೆಲದಿಂದ ಸುಮಾರು 72 ಡಿಗ್ರಿ ಎತ್ತರದಲ್ಲಿ ಸಿಗುತ್ತವೆ. ಫ್ರೀ ಡಿಶ್ ವಾಹಿನಿಗಳಿರುವ ಜಿಸ್ಯಾಟ್-15 93.5 ಡಿಗ್ರಿಯಲ್ಲಿದೆ, ಅದು ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಎತ್ತರ. ಏರ್‌ಟೆಲ್‌ನ 108.2 ಡಿಗ್ರಿ ಉಪಗ್ರಹ ಇನ್ನೂ ಪೂರ್ವಕ್ಕೆ ವಾಲಿ 51 ಡಿಗ್ರಿಯಷ್ಟು ಎತ್ತರದಲ್ಲಿ ನಿಲ್ಲುತ್ತದೆ. ಮಧುಗಿರಿ, ಪಾವಗಡಗಳಲ್ಲಿ ಈ ಅಂಕಿಗಳು ಒಂದೆರಡು ಡಿಗ್ರಿ ಮಾತ್ರ ಬದಲಾಗುತ್ತವೆ.

ಇಷ್ಟು ಎತ್ತರದ ನೋಟದಿಂದಾಗಿ ಬೆಟ್ಟದ ಬುಡದ ಊರುಗಳಿಗೂ ತೊಂದರೆಯಿಲ್ಲ. ತೊಂದರೆ ಕೊಡುವುದು ತೆಂಗು. ಡಿಶ್‌ಗಿಂತ 10 ಮೀಟರ್ ಮೇಲಕ್ಕೆ ಬೆಳೆದ ಮರ 83 ಡಿಗ್ರಿಯ ಸಂಕೇತವನ್ನು ತಡೆಯಬೇಕಾದರೆ ಡಿಶ್‌ನಿಂದ ಮೂರು ಮೀಟರ್ ಒಳಗಿರಬೇಕು, 108.2 ಡಿಗ್ರಿಯದಾದರೆ ಎಂಟು ಮೀಟರ್ ದೂರದ ಮರವೂ ತಡೆಯಬಲ್ಲದು. ಕೊರಟಗೆರೆ ಕಡೆಯ ತೋಟದ ಮನೆಯವರು ಸಂಪರ್ಕ ಕೊಳ್ಳುವ ಮೊದಲು ಪೂರ್ವ–ಆಗ್ನೇಯದ ಮರಗಳನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಗರಿ ಅಡ್ಡ ಬಂದಾಗ ಚಿತ್ರ ಚೌಕಚೌಕವಾಗಿ ಒಡೆಯುವ ಜೊತೆಗೆ ಧ್ವನಿಯೂ ತುಂಡಾಗುತ್ತದೆ. ಹೋಂ ಥಿಯೇಟರ್‌ನಲ್ಲಿ ಅದು ‘ಟಪ್’ ಎಂದು ಕೇಳಿಸುವುದರಿಂದ ಎಷ್ಟೋ ಮಂದಿ ಆಂಪ್ಲಿಫೈಯರ್ ಕೆಟ್ಟಿತೆಂದು ಬಿಚ್ಚಿಸುತ್ತಾರೆ.

ಮನೆಗೆ ನೇರವಾಗಿ ಬರುವ ಈ ಉಪಗ್ರಹ ಪ್ರಸಾರ (ಡಿಟಿಎಚ್) ಬಳಸುವುದು ಕೆಯು ಬ್ಯಾಂಡ್, ಅಂದರೆ ಸುಮಾರು 11ರಿಂದ 12 ಗಿಗಾಹರ್ಟ್ಸ್ ಅಲೆಗಳು. ಇವಕ್ಕೆ ಜೋರು ಮಳೆ ಅಡ್ಡಿ. ಮಳೆ ಕಡಿಮೆಯ ಈ ಬಯಲುಸೀಮೆಯಲ್ಲಿ ಅಂಥ ಅಡ್ಡಿ ಮುಂಗಾರಿಗೆ ಮೊದಲಿನ ಗುಡುಗುಮಳೆಯಲ್ಲೋ ಹಿಂಗಾರಿನಲ್ಲೋ ಕೆಲವು ಸಂಜೆಗಳಿಗೆ ಸೀಮಿತ. ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ ಇನ್ನೊಂದು ಬಗೆಯ ಅಡ್ಡಿ ಉಂಟು. ಆಗ ಸೂರ್ಯ ಉಪಗ್ರಹದ ನೇರ ಹಿಂದೆ ಹಾದುಹೋಗುವುದರಿಂದ, ಮಟಮಟ ಮಧ್ಯಾಹ್ನದೊಳಗೆ ಕೆಲವು ನಿಮಿಷ ಪ್ರಸಾರ ನಿಲ್ಲಬಹುದು. ಕೆಲವು ದಿನಗಳಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಡಿಶ್ ತಿರುಗಿಸಬಾರದು.

ವಾಹಿನಿಯಲ್ಲಿ ಎಷ್ಟು ಧ್ವನಿಯಿದೆ

ಜೋಡಣೆಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹಳೆಯ ಎಸ್‌ಡಿ ವಾಹಿನಿಗಳು ಸಾಮಾನ್ಯವಾಗಿ ಎಡ–ಬಲದ ಎರಡೇ ಧ್ವನಿ ಕಳಿಸುತ್ತವೆ. ಮಾಸಿಕ ಶುಲ್ಕವಿಲ್ಲದ ಫ್ರೀ ಡಿಶ್ ಹಳ್ಳಿಗಳಿಗೆ ವರದಾನವಾದರೂ ಅದರಲ್ಲಿ 5.1 ನಿರೀಕ್ಷಿಸುವಂತಿಲ್ಲ. ಡಾಲ್ಬಿ ಡಿಜಿಟಲ್ ಬರುವುದು ಎಚ್‌ಡಿ ವಾಹಿನಿಗಳಲ್ಲಿ, ಅದೂ ಎಲ್ಲ ಕಾರ್ಯಕ್ರಮಗಳಿಗಲ್ಲ. ಚಿತ್ರಮಂದಿರಗಳಿಗೆ 1992ರಲ್ಲಿ ಬಂದ ಈ ಪದ್ಧತಿ ಆರು ಧ್ವನಿಗಳನ್ನು ಒತ್ತಿ ಒಂದೇ ಹರಿವಾಗಿ ಮಾಡುತ್ತದೆ: ಮುಂದಿನ ಎಡ, ನಡು, ಬಲ, ಪಕ್ಕದ ಎಡ, ಬಲ, ಜೊತೆಗೆ 120 ಹರ್ಟ್ಸ್ ಒಳಗಿನ ಗುಡುಗಿಗೆಂದೇ ಒಂದು. 5.1 ಎಂಬ ಅಂಕಿಯ ಕೊನೆಯ ಒಂದು ಇದೇ. ಈ ಹರಿವಿನ ವೇಗ ಸೆಕೆಂಡಿಗೆ ಗರಿಷ್ಠ 640 ಕಿಲೊಬಿಟ್. ಪ್ರಸಾರದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಚಲನಚಿತ್ರ ಮತ್ತು ಕ್ರಿಕೆಟ್‌ಗಳಲ್ಲಿ ಇದರ ಫಲ ಕಾಣುತ್ತದೆ. ಧಾರಾವಾಹಿ, ಸುದ್ದಿ, ಚರ್ಚೆಗಳು ಎಚ್‌ಡಿಯಲ್ಲಿ ಬಂದರೂ ಧ್ವನಿ ಎರಡೇ ಇರಬಹುದು. ಆಂಪ್ಲಿಫೈಯರ್‌ನ ಪರದೆ ಡಾಲ್ಬಿ ಎಂದು ತೋರಿಸುತ್ತಿದ್ದರೂ ಹಿಂದಿನ ಸ್ಪೀಕರ್ ಮೌನವಾಗಿದ್ದರೆ ಅದು ಸೆಟ್ಟಿನ ದೋಷವೇ ಆಗಿರಬೇಕೆಂದಿಲ್ಲ. ಆರು ಕೋಣೆಯ ಹರಿವಿನಲ್ಲಿ ವಾಹಿನಿಯವರು ಎರಡನ್ನೇ ತುಂಬಿ ಕಳಿಸಿರಬಹುದು. 1970ರ ದಶಕದ ಕನ್ನಡ ಚಿತ್ರಗಳ ಧ್ವನಿ ಬಹುಮಟ್ಟಿಗೆ ಒಂದೇ ಹಾದಿಯದು. ರಾಜ್‌ಕುಮಾರ್ ಅವರ ಹಾಡು ನಡುವಿನ ಸ್ಪೀಕರ್‌ನಿಂದಷ್ಟೇ ಬಂದರೆ ಅದು ಸರಿಯಾದ ಜೋಡಣೆಯ ಗುರುತು. ‘ಹಾಲ್’, ‘ಸ್ಟೇಡಿಯಂ’ ಎಂಬ ಗುಂಡಿ ಒತ್ತಿ ಆ ಧ್ವನಿಯನ್ನು ನಾಲ್ಕು ಮೂಲೆಗೂ ಹರಡುವುದು ಆ ಕಂಠಕ್ಕೆ ಮಾಡುವ ಅನ್ಯಾಯ.

ಪಿನ್‌ಗಳ ವಿಷಯ

ಹೆಚ್ಚಿನ ಮನೆಗಳಲ್ಲಿ ಸೆಟ್ ಟಾಪ್ ಬಾಕ್ಸ್‌ನ ಕೆಂಪು–ಬಿಳಿ ಪಿನ್‌ಗಳನ್ನು ಹೋಂ ಥಿಯೇಟರ್‌ನ ಆಕ್ಸ್‌ಗೆ ಸಿಕ್ಕಿಸಿರುತ್ತಾರೆ. ಧ್ವನಿ ದೊಡ್ಡದಾಗುತ್ತದೆ, ವೂಫರ್ ನಡುಗುತ್ತದೆ, ಹಿಂದಿನ ಪೆಟ್ಟಿಗೆಗಳೂ ಹಾಡುತ್ತವೆ. ಆದರೆ ಈ ಎರಡು ಪಿನ್‌ಗಳಲ್ಲಿ ಎರಡೇ ಧ್ವನಿ ಹೋಗಬಲ್ಲವು. ಹಿಂದೆ ಕೇಳುವುದು ಮುಂದಿನದರ ನಕಲು. ಆರು ಧ್ವನಿಗಳು ಎರಡಾಗುವ ಮೊದಲ ಜಾಗ ಇದು. ಡಾಲ್ಬಿ ಪ್ರೊ ಲಾಜಿಕ್ 2ರಂಥ ವ್ಯವಸ್ಥೆಯುಳ್ಳ ಆಂಪ್ಲಿಫೈಯರ್ ಆದರೆ ಎರಡು ಧ್ವನಿಯಿಂದಲೇ ಮಾತನ್ನು ನಡುವಿಗೂ ಸುತ್ತಲಿನ ಸದ್ದನ್ನು ಪಕ್ಕಕ್ಕೂ ಬೇರ್ಪಡಿಸಿ ಕೊಡುತ್ತದೆ. ಫ್ರೀ ಡಿಶ್ ಇರುವವರಿಗೆ ಇದೇ ಉತ್ತಮ ಮಾರ್ಗ.

ನಿಜವಾದ 5.1 ಹೊರಡುವುದು ಬಾಕ್ಸ್‌ನ ಹಿಂಬದಿಯ ಆಪ್ಟಿಕಲ್, ಕೋಆಕ್ಸಿಯಲ್ ಅಥವಾ ಎಚ್‌ಡಿಎಂಐ ಕಿಂಡಿಯಿಂದ. ಆಪ್ಟಿಕಲ್ ವೈರ್ ತೋಷಿಬಾ ಕಂಪನಿ 1983ರಲ್ಲಿ ತಂದದ್ದು. ಅದರೊಳಗೆ ಹೋಗುವುದು ಕೆಂಪು ಬೆಳಕು, ವಿದ್ಯುತ್ತಲ್ಲ. ಒತ್ತಿದ ಡಾಲ್ಬಿ ಡಿಜಿಟಲ್ ಹರಿವನ್ನು ಇದು ಸಲೀಸಾಗಿ ಒಯ್ಯುತ್ತದೆ. ಒತ್ತದೆ ಬಿಡಿಸಿದ ಪಿಸಿಎಂ ಆದರೆ ಎರಡೇ ಧ್ವನಿ. ಆದ್ದರಿಂದ ವೈರ್ ಸಿಕ್ಕಿಸಿದರೆ ಸಾಲದು. ಬಾಕ್ಸ್‌ನ ಮೆನುವಿನಲ್ಲಿ ಆಡಿಯೊ ಔಟ್‌ಪುಟ್ ಪಿಸಿಎಂ ಅಥವಾ ಸ್ಟೀರಿಯೊ ಎಂದಿದ್ದರೆ ಅದನ್ನು ಡಾಲ್ಬಿ ಎಂದು ಬದಲಿಸಬೇಕು. ಡಿಶ್ ಕೂರಿಸಲು ಬಂದವರು ಚಿತ್ರ ಬಂತೇ ಎಂದು ನೋಡಿ ಹೊರಡುತ್ತಾರೆ. ಈ ಸೆಟ್ಟಿಂಗ್ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ. ಎರಡನೆಯ ಜಾಗ ಇದು. ಒಂದು ಪೈಸೆ ಖರ್ಚಿಲ್ಲದೆ ಸರಿಯಾಗುವುದೂ ಇದೊಂದೇ.

ಮೂರನೆಯ ಜಾಗ ಟಿ.ವಿ.ಯೇ. ಬಾಕ್ಸ್‌ನಿಂದ ಎಚ್‌ಡಿಎಂಐ ಟಿ.ವಿ.ಗೆ ಹೋಗಿ, ಅಲ್ಲಿಂದ ಧ್ವನಿ ಆಪ್ಟಿಕಲ್‌ನಲ್ಲಿ ಆಂಪ್ಲಿಫೈಯರ್‌ಗೆ ಬರುವಂತೆ ಮಾಡಿದರೆ ಕೆಲವು ಟಿ.ವಿ.ಗಳು ಎಚ್‌ಡಿಎಂಐಯಿಂದ ಬಂದ ಧ್ವನಿಯನ್ನು ಎರಡಕ್ಕಿಳಿಸಿಯೇ ಹೊರಬಿಡುತ್ತವೆ. ಬಾಕ್ಸ್‌ನಿಂದ ನೇರವಾಗಿ ಆಂಪ್ಲಿಫೈಯರ್‌ಗೆ ಎಳೆದುಕೊಳ್ಳುವುದು ಕ್ಷೇಮ. 2009ರ ಎಚ್‌ಡಿಎಂಐ 1.4ರಿಂದ ಬಂದ ಎಆರ್‌ಸಿ ಇರುವ ಟಿ.ವಿ.ಗಳಲ್ಲಿ ಒಂದೇ ವೈರ್ ಧ್ವನಿಯನ್ನು ಹಿಂದಕ್ಕೆ ತರುತ್ತದೆ. ಆ ಅಕ್ಷರಗಳು ಬರೆದ ಕಿಂಡಿಗೇ ವೈರ್ ಹಾಕಬೇಕು, ಪಕ್ಕದ್ದಕ್ಕೆ ಹಾಕಿದರೆ ಮೌನ.

ಇಲ್ಲಿನ ಮನೆಗಳಲ್ಲಿರುವ ಅಸೆಂಬಲ್ಡ್ ಸೆಟ್‌ಗಳ ಮಾತು ಬೇರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಬೋರ್ಡ್ ತಂದು ಊರಿನ ಮೆಕ್ಯಾನಿಕ್‌ಗಳೇ ಕಟ್ಟಿಕೊಡುವ ಈ ಸೆಟ್‌ಗಳನ್ನು ಕೀಳಾಗಿ ಕಾಣುವವರಿದ್ದಾರೆ. ಅದು ತಪ್ಪು. ಒಳ್ಳೆಯ ಟ್ರಾನ್ಸ್‌ಫಾರ್ಮರ್, ಸರಿಯಾದ ಹೀಟ್‌ಸಿಂಕ್ ಹಾಕಿದ್ದರೆ ಇವು ಬಹುಕಾಲ ಬಾಳುತ್ತವೆ, ಕೆಟ್ಟರೆ ಊರಲ್ಲೇ ರಿಪೇರಿಯಾಗುತ್ತವೆ. ಇವುಗಳ ಹಿಂದೆ ಡಿವಿಡಿ ಪ್ಲೇಯರ್‌ಗೆಂದು ಇಟ್ಟ ಆರು ಪಿನ್‌ಗಳ ಇನ್‌ಪುಟ್ ಇರುವುದುಂಟು. ಬಾಕ್ಸ್‌ನಲ್ಲಿ ಆರು ಪಿನ್‌ಗಳ ಔಟ್‌ಪುಟ್ ಇರುವುದಿಲ್ಲ. ನಡುವೆ ಬೇಕಾದದ್ದು ಅಂಗೈಯಗಲದ 5.1 ಡಿಕೋಡರ್: ಒಂದು ಬದಿಗೆ ಆಪ್ಟಿಕಲ್, ಇನ್ನೊಂದು ಬದಿಗೆ ಆರು ಪಿನ್. ಕೊಳ್ಳುವಾಗ ಆರು ಪಿನ್ ಇದೆಯೇ ಎಂದು ಎಣಿಸಿಯೇ ತರಬೇಕು. ಎರಡೇ ಪಿನ್‌ನ ಅಗ್ಗದ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಡಾಲ್ಬಿ ಬಿಡಿಸಲು ಬಾರದು. ಡಾಲ್ಬಿ ಕೊಟ್ಟರೆ ಸುಮ್ಮನಿರುತ್ತವೆ ಇಲ್ಲವೆ ಕರಕರ ಎನ್ನುತ್ತವೆ. ಹತ್ತು ವರ್ಷ ಹಳೆಯ ಸೆಟ್‌ಗೂ ನಿಜವಾದ ಸರೌಂಡ್ ತರುವ ದಾರಿ ಈ ಡಿಕೋಡರ್, ಮತ್ತು ಈ ಸೀಮೆಗೆ ಅದೇ ಹೆಚ್ಚು ಉಪಯುಕ್ತ.

ಸ್ಪೀಕರ್ ವೈರ್‌ನಲ್ಲಿ ಉಳಿತಾಯ ಮಾಡಬಾರದು. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರನ್ನು ಹತ್ತು ಮೀಟರ್ ದೂರಕ್ಕೆ ಎಳೆದರೆ ಹೋಗಿಬರುವ ದಾರಿಯ ತಡೆ ಸುಮಾರು 0.7 ಓಂ. ನಾಲ್ಕು ಓಂ ಸ್ಪೀಕರ್‌ಗೆ ಇದು ದೊಡ್ಡ ನಷ್ಟ. ಎರಡೂವರೆ ಚದರ ಮಿಲಿಮೀಟರ್ ವೈರ್ ಆದರೆ 0.14 ಓಂ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವ್ಯಾಟ್ ಬರೆದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆರ್‌ಎಂಎಸ್ (ಸತತ ಸಾಮರ್ಥ್ಯದ) ವ್ಯಾಟ್ ಎಷ್ಟೆಂದು ಕೇಳಬೇಕು.

ಗುಂಯ್ ಎನ್ನುವ ಸದ್ದು, ಅರ್ತಿಂಗ್, ಸಿಡಿಲು

ಸೆಟ್ ಆನ್ ಮಾಡಿದೊಡನೆ ಹಿನ್ನೆಲೆಯಲ್ಲಿ ಗುಂಯ್ ಎನ್ನುವುದು ಇಲ್ಲಿ ಬಹಳ ಸಾಮಾನ್ಯವಾದ ದೂರು. ಕರೆಂಟಿನ 50 ಹರ್ಟ್ಸ್ ಅಲೆ ಪಿನ್ ವೈರ್‌ನ ಹೊರಕವಚದ ಮೂಲಕ ಆಂಪ್ಲಿಫೈಯರ್‌ಗೆ ನುಸುಳುವುದೇ ಇದಕ್ಕೆ ಕಾರಣ. ಡಿಶ್ ಮಾಳಿಗೆಯ ಕಬ್ಬಿಣಕ್ಕೆ ತಾಗಿರುತ್ತದೆ. ಅಲ್ಲಿಂದ ಕೇಬಲ್‌ನ ಹೊರಕವಚ ಬಾಕ್ಸ್‌ಗೆ, ಬಾಕ್ಸ್‌ನಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಪ್ಲಗ್‌ನ ಅರ್ತ್‌ಗೆ ಸುತ್ತು ಪೂರ್ಣವಾಗುತ್ತದೆ. ಆಪ್ಟಿಕಲ್ ವೈರ್ ಹಾಕಿದರೆ ಲೋಹದ ಸಂಪರ್ಕವೇ ತಪ್ಪಿ ಸದ್ದು ನಿಲ್ಲುತ್ತದೆ. ಧ್ವನಿಯ ಗುಣಕ್ಕಿಂತ ಈ ಒಂದು ಕಾರಣಕ್ಕಾಗಿಯಾದರೂ ಆಪ್ಟಿಕಲ್ ಆರಿಸುವುದು ಜಾಣತನ. ಸದ್ದು ನಿಲ್ಲಿಸಲೆಂದು ಅರ್ತ್ ಪಿನ್ ಮುರಿಯುವ ಪದ್ಧತಿಯಿದೆ. ಜೀವಕ್ಕೆ ಅಪಾಯ, ಎಂದೂ ಮಾಡಬಾರದು.

ಬಂಡೆ ಮತ್ತು ಕಲ್ಲುಮಿಶ್ರಿತ ಒಣ ಕೆಂಪು ಮಣ್ಣಿನಲ್ಲಿ ಅರ್ತಿಂಗ್ ಸುಲಭವಾಗಿ ಹಿಡಿಯುವುದಿಲ್ಲ. ಗುಂಡಿಯಲ್ಲಿ ಇದ್ದಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡುವುದು ಇನ್ನೂ ಒಳ್ಳೆಯದು. ಅರ್ತ್ ಇಲ್ಲದ ಮನೆಯಲ್ಲಿ ಪಿನ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಪಿನ್ ಬದಲಿಸುವ ಮೊದಲು ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಬೇಕು. ಗುಡುಗು ಶುರುವಾದಾಗ ಪ್ಲಗ್ ಕಿತ್ತರೆ ಸಾಕೆಂದು ತಿಳಿಯುವವರು ಡಿಶ್ ಕೇಬಲನ್ನು ಮರೆಯುತ್ತಾರೆ. ಸಿಡಿಲಿನ ಹೊಡೆತ ಕೇಬಲ್‌ನಿಂದ ಬಾಕ್ಸ್‌ಗೆ, ಬಾಕ್ಸ್‌ನಿಂದ ಟಿ.ವಿ.ಗೂ ಆಂಪ್ಲಿಫೈಯರ್‌ಗೂ ಹೋಗುತ್ತದೆ. ಬಾಕ್ಸ್‌ನ ಹಿಂದಿನ ತಿರುಪು ಕನೆಕ್ಟರ್ ಬಿಚ್ಚಿ ದೂರ ಇಡಬೇಕು.

ಕಲ್ಲು ಚಪ್ಪಡಿಯ ಕೋಣೆ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಎಸ್ 775 ಶಿಫಾರಸಿನಂತೆ ಕೇಳುವವರ ಎದುರು ನಡುವಿನ ಸ್ಪೀಕರ್, ಅದರ ಎಡಬಲಕ್ಕೆ 30 ಡಿಗ್ರಿಯಲ್ಲಿ ಮುಂದಿನವು, 100ರಿಂದ 120 ಡಿಗ್ರಿಯಲ್ಲಿ ಪಕ್ಕದವು ಇರಬೇಕು. ಅಂದರೆ ‘ಹಿಂದಿನ ಸ್ಪೀಕರ್’ ಎನ್ನುವುದು ವಾಸ್ತವವಾಗಿ ಕಿವಿಯ ಪಕ್ಕಕ್ಕಿಂತ ಸ್ವಲ್ಪವೇ ಹಿಂದೆ. ಹಿಂಗೋಡೆಯ ಮೂಲೆಯಲ್ಲಿ, ಸೂರಿನ ಹತ್ತಿರ ಮೊಳೆ ಹೊಡೆದು ನೇತುಹಾಕುವುದು ರೂಢಿಯಾಗಿದ್ದರೂ ಸರಿಯಲ್ಲ. ದಿವಾನ ಅಥವಾ ಸೋಫಾ ಹಿಂಗೋಡೆಗೆ ಒತ್ತಿಕೊಂಡಿರುವ ಮನೆಗಳಲ್ಲಿ ಈ ಎರಡನ್ನು ಪಕ್ಕದ ಗೋಡೆಗಳ ಮೇಲೆ, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ ಕೂರಿಸಬೇಕು.

ಮಧುಗಿರಿ, ಪಾವಗಡ ಕಡೆಯ ಹಳೆಯ ಮನೆಗಳಿಗೆ ಕಲ್ಲು ಚಪ್ಪಡಿಯ ಸೂರು, ಕೆಲವಕ್ಕೆ ಮಣ್ಣಿನ ಮಾಳಿಗೆ. ಹೊಸವಕ್ಕೆ ಆರ್‌ಸಿಸಿ ಮತ್ತು ಗ್ರಾನೈಟ್ ನೆಲ. ಮಣ್ಣಿನ ಮಾಳಿಗೆ ಧ್ವನಿಯನ್ನು ತಕ್ಕಮಟ್ಟಿಗೆ ಹೀರುತ್ತದೆ. ಚಪ್ಪಡಿ, ಗ್ರಾನೈಟ್, ಗಾರೆ ಗೋಡೆಗಳು ಹೀರುವುದೇ ಇಲ್ಲ; ಮಾತು ಗೋಡೆಯಿಂದ ಗೋಡೆಗೆ ಹಾರಿ ಕಲಸಿಹೋಗುತ್ತದೆ. ಇದಕ್ಕೆ ಪೇಟೆಯಿಂದ ಫೋಮ್ ತರಬೇಕಿಲ್ಲ. ಶಿರಾ ಸೀಮೆ ಕುರಿಗೂ ಕಂಬಳಿಗೂ ಹೆಸರಾದದ್ದು. ದಪ್ಪ ಉಣ್ಣೆಯ ಕರಿ ಕಂಬಳಿಯನ್ನು ಟಿ.ವಿ.ಯ ಎದುರುಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಇಳಿಬಿಟ್ಟರೆ ಮೇಲ್ಸ್ವರದ ಪ್ರತಿಧ್ವನಿ ಗಣನೀಯವಾಗಿ ತಗ್ಗುತ್ತದೆ. ನೆಲಕ್ಕೊಂದು ಜಮಖಾನ ಹಾಸಿದರೆ ಇನ್ನೂ ಒಳ್ಳೆಯದು. ವೂಫರ್‌ನ ಅಬ್ಬರಕ್ಕೆ ಮಾತ್ರ ಕಂಬಳಿ ಸಾಲದು. 12 ಅಡಿ ಉದ್ದದ ಕೋಣೆಯಲ್ಲಿ 47 ಹರ್ಟ್ಸ್ ಸುಮಾರಿನ ಸ್ವರ ತಾನೇ ಉಬ್ಬುತ್ತದೆ. ಉದ್ದ, ಅಗಲ ಸಮವಿದ್ದರೆ ಎರಡೂ ಕಡೆಯ ಉಬ್ಬು ಸೇರಿ ಮತ್ತಷ್ಟು ಹೆಚ್ಚು. ವೂಫರನ್ನು ಮೂಲೆಯಿಂದ ಈಚೆ ಎಳೆಯುವುದೇ ಪರಿಹಾರ.

ಹಿರಿಯರು ಮತ್ತು ಮಾತು

ಹೋಂ ಥಿಯೇಟರ್ ಬಂದ ಮೇಲೆ ಮಾತೇ ಕೇಳಿಸುವುದಿಲ್ಲ ಎಂದು ಮನೆಯ ಹಿರಿಯರು ಹೇಳಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. 5.1ರಲ್ಲಿ ಮಾತೆಲ್ಲ ಬಹುಮಟ್ಟಿಗೆ ನಡುವಿನ ಸ್ಪೀಕರ್‌ನದು. ಅದನ್ನು ಟಿ.ವಿ. ಸ್ಟ್ಯಾಂಡ್‌ನ ಒಳಖಾನೆಯಲ್ಲಿ ಹುದುಗಿಸಿಟ್ಟರೆ, ಅಥವಾ ನೆಲಕ್ಕಿಟ್ಟರೆ, ಸಂಗೀತ ಜೋರಾಗಿ ಮಾತು ಮುಳುಗುತ್ತದೆ. ಅದನ್ನು ಖಾನೆಯ ಅಂಚಿಗೆ ತಂದು, ಮುಖವನ್ನು ಕೂತವರ ಕಿವಿಯ ಕಡೆ ಓರೆ ಮಾಡಿ, ಆಂಪ್ಲಿಫೈಯರ್‌ನಲ್ಲಿ ಸೆಂಟರ್ ಮಟ್ಟವನ್ನು ಎರಡು ಮೂರು ಡೆಸಿಬಲ್ ಏರಿಸಬೇಕು. ‘ನೈಟ್’ ಎಂಬ ಸೆಟ್ಟಿಂಗ್ ಇದ್ದರೆ ಹಾಕಬೇಕು. ಅದು ಹೊಡೆದಾಟದ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಎತ್ತಿಕೊಡುತ್ತದೆ. ಗೋಡೆಗೆ ಗೋಡೆ ತಾಗಿದ ಬೀದಿಗಳಲ್ಲಿ ನೆರೆಮನೆಯವರಿಗೂ ಇದರಿಂದ ನೆಮ್ಮದಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬಲ್ ಮಿತಿ ಹಾಕಿವೆ.

ತುಟಿಗೂ ಮಾತಿಗೂ ಹೊಂದದಿರುವುದು ಇನ್ನೊಂದು ತೊಡಕು. ಉಪಗ್ರಹಕ್ಕೆ ಹೋಗಿಬರುವ ಕಾಲು ಸೆಕೆಂಡು ಇದಕ್ಕೆ ಕಾರಣವಲ್ಲ. ಚಿತ್ರ, ಧ್ವನಿ ಎರಡೂ ಅಷ್ಟೇ ತಡವಾಗಿ ಬರುತ್ತವೆ. ಎಲ್‌ಇಡಿ ಟಿ.ವಿ. ಚಿತ್ರವನ್ನು ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುವುದರಿಂದ ನೇರ ಆಂಪ್ಲಿಫೈಯರ್‌ಗೆ ಹೋದ ಧ್ವನಿ ಮುಂಚೆಯೇ ಬಂದುಬಿಡುತ್ತದೆ. ಧ್ವನಿ 45 ಮಿಲಿಸೆಕೆಂಡ್ ಮುಂದಾದರೆ ಮನುಷ್ಯರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೂ ಗೊತ್ತಾಗದು. ಆಡಿಯೊ ಡಿಲೇ ಎಂಬಲ್ಲಿ ಸ್ವಲ್ಪಸ್ವಲ್ಪವೇ ಏರಿಸಿ, ಸುದ್ದಿ ಓದುವವರ ಮುಖ ನೋಡಿ ಹೊಂದಿಸಬೇಕು.

ಎರಡು ಭಾಷೆಯ ಮನೆಗಳು

ಮೂರು ಕಡೆ ಆಂಧ್ರದಿಂದ ಸುತ್ತುವರಿದಂತಿರುವ ಪಾವಗಡದಲ್ಲಿ ಒಂದೇ ಮನೆಯೊಳಗೆ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಕೆಲವು ವಾಹಿನಿಗಳಲ್ಲಿ ರಿಮೋಟ್‌ನ ಭಾಷೆಯ ಗುಂಡಿಯಿಂದ ಧ್ವನಿ ಬದಲಿಸಬಹುದು. ಒಂದು ಭಾಷೆಯ ಧ್ವನಿ 5.1 ಆಗಿದ್ದು ಇನ್ನೊಂದು ಎರಡೇ ಆಗಿರುವ ಸಾಧ್ಯತೆ ಉಂಟು. ಭಾಷೆ ಬದಲಿಸಿದೊಡನೆ ಪಕ್ಕದ ಸ್ಪೀಕರ್‌ಗಳು ನಿಂತರೆ ವೈರ್ ಅಲುಗಾಡಿಸುವ ಮೊದಲು ಹಳೆಯ ಭಾಷೆಗೆ ಹಿಂತಿರುಗಿ ನೋಡಬೇಕು.

ಸೌಂಡ್‌ಬಾರ್ ಮತ್ತು ಹೊಸ ಬಾಕ್ಸ್‌ಗಳು

ಈಚೆಗೆ ಐದು ಪೆಟ್ಟಿಗೆಗಳ ಜಾಗಕ್ಕೆ ಟಿ.ವಿ. ಕೆಳಗಿನ ಉದ್ದನೆಯ ಸೌಂಡ್‌ಬಾರ್ ಬರುತ್ತಿದೆ. ಡಿಶ್ ಮತ್ತು ಇಂಟರ್‌ನೆಟ್ ಎರಡನ್ನೂ ಹಿಡಿಯುವ ಬಾಕ್ಸ್‌ಗಳೂ ಬಂದಿವೆ. ಇಂಟರ್‌ನೆಟ್ ಚಿತ್ರಗಳ ಧ್ವನಿ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್. ಆಪ್ಟಿಕಲ್ ವೈರ್ ಇದನ್ನು ಒಯ್ಯಲಾರದು; ಬಾಕ್ಸ್ ಅದನ್ನು ಹಳೆಯ ಡಾಲ್ಬಿಗೆ ಇಳಿಸಿಕೊಡಬೇಕು, ಇಲ್ಲವೆ ಎಚ್‌ಡಿಎಂಐಯನ್ನೇ ಬಳಸಬೇಕು. ತಲೆಯ ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್ ಎಂದು ಮಾರುವ ಕೆಲವು ಸೌಂಡ್‌ಬಾರ್‌ಗಳು ಮೇಲ್ಮುಖದ ಸ್ಪೀಕರ್‌ನಿಂದ ಧ್ವನಿಯನ್ನು ಸೂರಿಗೆ ಹೊಡೆದು ಕೆಳಗಿಳಿಸುತ್ತವೆ. ಅದಕ್ಕೆ ಗಟ್ಟಿಯಾದ, ಸಮತಟ್ಟಾದ, ತೀರ ಎತ್ತರವಲ್ಲದ ಸೂರು ಬೇಕು. ಆರ್‌ಸಿಸಿ ಮನೆಗೂ ಕಲ್ಲು ಚಪ್ಪಡಿಯ ಮನೆಗೂ ಇದು ಒಗ್ಗುತ್ತದೆ. ಇಳಿಜಾರು ಹೆಂಚಿನ ಮಾಡಿರುವ ಮನೆಯಲ್ಲಿ ಧ್ವನಿ ಚದುರಿಹೋಗುವುದರಿಂದ, ಆ ಹಣಕ್ಕೆ ಬಿಡಿಬಿಡಿಯಾದ ಐದು ಸ್ಪೀಕರ್‌ಗಳನ್ನೇ ಕೊಳ್ಳುವುದು ಮೇಲು.